ಹಾಲಿನ ಪ್ಯಾಕೆಟ್ಟಿನ ಮೂಲೆ ಮತ್ತು ಇಂದೋರಿನ ಬಸ್ಸು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗ್ಗೆ ಎದ್ದು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತೇವಲ್ಲ, ಆ ಚೂರು ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಯಲ್ಲಿ ಬಹಳ ಕಾಲ ಅದು ತರಕಾರಿ ಸಿಪ್ಪೆಯ ಜೊತೆ ಹಸಿ ಕಸದ ಬುಟ್ಟಿಗೇ ಬೀಳುತ್ತಿತ್ತು. ಉಗುರಿನಷ್ಟು ಪ್ಲಾಸ್ಟಿಕ್, ಅದರಿಂದ ಏನಾದೀತು ಎಂದುಕೊಂಡಿದ್ದೆ. ಮಧ್ಯಪ್ರದೇಶದ ಇಂದೋರ್ ನಗರ ಕಸದಿಂದ ಬಸ್ಸು ಓಡಿಸಲು ಹೊರಟ ಕಥೆಯನ್ನು ತಿಳಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಇಂದೋರಿನ ಹೊರವಲಯದಲ್ಲಿ ದೇವಗುರಾಡಿಯಾ ಎಂಬ ಜಾಗವಿದೆ. ವರ್ಷಗಟ್ಟಲೆ ಊರಿನ ಕಸವನ್ನೆಲ್ಲ ತಂದು ಸುರಿದು ಅಲ್ಲಿ ಗುಡ್ಡಗಳೇ ಎದ್ದಿದ್ದವು. 2018ರ ಹೊತ್ತಿಗೆ ನಗರಪಾಲಿಕೆ ಬಾಡಿಗೆಗೆ ಯಂತ್ರಗಳನ್ನು ತಂದು, ಆ ಹಳೆಯ ಕಸವನ್ನು ಜರಡಿ ಹಿಡಿಸಿ, ಸುಮಾರು 100 ಎಕರೆ ನೆಲವನ್ನು ಬಿಡಿಸಿಕೊಂಡಿತು. ಅಲ್ಲಿಯೇ 2022ರ ಫೆಬ್ರವರಿ 19ರಂದು ಹಸಿ ಕಸದಿಂದ ವಾಹನ ಓಡಿಸುವ ಅನಿಲ ತೆಗೆಯುವ ಬಯೋ ಸಿಎನ್‌ಜಿ ಘಟಕವೊಂದು ಉದ್ಘಾಟನೆಯಾಯಿತು. ದಿನಕ್ಕೆ 550 ಟನ್ ಹಸಿ ಕಸವನ್ನು ಅರಗಿಸುವ ಸಾಮರ್ಥ್ಯ ಅದರದು. ಅಷ್ಟರಿಂದ 17,000 ಕಿಲೋ ಅನಿಲ ಮತ್ತು 100 ಟನ್ ಗೊಬ್ಬರ ತೆಗೆಯುವುದು ಗುರಿ.

ಹಳ್ಳಿಯಲ್ಲಿ ಗೋಬರ್ ಗ್ಯಾಸ್ ಒಲೆ ಕಂಡವರಿಗೆ ಈ ವಿದ್ಯೆ ಹೊಸದಲ್ಲ. ಸಿಪ್ಪೆ, ಹಳಸಿದ ಅನ್ನ, ಮಾರುಕಟ್ಟೆಯ ಬಾಡಿದ ಸೊಪ್ಪು ಎಲ್ಲವನ್ನೂ ಅರೆದು ದೋಸೆ ಹಿಟ್ಟಿನ ಹದಕ್ಕೆ ತಂದು ಗಾಳಿಯಾಡದ ತೊಟ್ಟಿಗೆ ಬಿಡುತ್ತಾರೆ. ಸೂಕ್ಷ್ಮಜೀವಿಗಳು ಅದನ್ನು ದಿನಗಟ್ಟಲೆ ಮೇಯುತ್ತವೆ. ಹೊಮ್ಮುವ ಅನಿಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮೀಥೇನ್. ಅದರ ಜೊತೆ ಬೆರೆತ ಇಂಗಾಲದ ಡೈಆಕ್ಸೈಡನ್ನೂ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನೂ ತೆಗೆದು, ಒತ್ತಿ ತುಂಬಿದರೆ ಅದೇ ಬಸ್ಸಿನ ಇಂಧನ. ಆದರೆ ಆ ಜೀವಿಗಳಿಗೆ ಪ್ಲಾಸ್ಟಿಕ್ ಅರಗುವುದಿಲ್ಲ. ಅದು ತೊಟ್ಟಿಯಲ್ಲಿ ತೇಲುತ್ತದೆ, ಪಂಪಿಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ಚೂರುಚೂರಾಗಿ ಗೊಬ್ಬರ ಸೇರಿ ರೈತನ ಹೊಲಕ್ಕೆ ಹೋಗುತ್ತದೆ. ನನ್ನ ಹಾಲಿನ ಪ್ಯಾಕೆಟ್ಟಿನ ಮೂಲೆಯಂಥದ್ದು ಒಂದೊಂದು ಮನೆಯಿಂದ ಒಂದೊಂದು ಬಂದರೆ ಎಷ್ಟಾಗುತ್ತದೆ, ನೀವೇ ಊಹಿಸಿ.

ಈಗ ಈ ಘಟಕಕ್ಕಾಗಿ ನಗರಪಾಲಿಕೆಯೂ ಖಾಸಗಿ ಕಂಪನಿಯೊಂದೂ ಮಾಡಿಕೊಂಡ ಒಪ್ಪಂದದ ವಿಷಯಕ್ಕೆ ಬರುತ್ತೇನೆ. ಘಟಕಕ್ಕೆ ಬೇಕಾದ 150 ಕೋಟಿ ರೂಪಾಯಿ ಬಂಡವಾಳವನ್ನು ಪೂರ್ತಿಯಾಗಿ ಹಾಕಿದ್ದು ಖಾಸಗಿ ಕಂಪನಿ. ನಗರಪಾಲಿಕೆ ತನ್ನ ಬೊಕ್ಕಸದಿಂದ ಬಂಡವಾಳ ಹೂಡಲಿಲ್ಲ, ಬದಲಿಗೆ ಕಂಪನಿಯೇ ಪಾಲಿಕೆಗೆ ವರ್ಷಕ್ಕೆ ಸುಮಾರು 2.5 ಕೋಟಿ ರೂಪಾಯಿ ಕೊಡಬೇಕು ಎಂದಾಯಿತು. ತಯಾರಾದ ಅನಿಲದಲ್ಲಿ ಕನಿಷ್ಠ ಅರ್ಧವನ್ನು ಪಾಲಿಕೆ ಕೊಳ್ಳಬೇಕು, ಅದರಿಂದ 250 ನಗರ ಬಸ್ಸುಗಳನ್ನು ಓಡಿಸಬೇಕು ಎಂಬುದು ಯೋಜನೆ. ನನ್ನ ಮಟ್ಟಿಗೆ ಇಡೀ ಒಪ್ಪಂದದ ಜೀವ ಇರುವುದು ಈ ಖರೀದಿಯ ಮಾತಿನಲ್ಲಿ. ಮಾಲು ಕೊಳ್ಳುವವರು ಯಾರೆಂದು ಮೊದಲೇ ಗೊತ್ತಿದ್ದರೆ ಬಂಡವಾಳ ಹಾಕುವವನಿಗೆ ಧೈರ್ಯ ಬರುತ್ತದೆ.

ಖರೀದಿಯ ಭರವಸೆಯನ್ನು ಪಾಲಿಕೆ ಕಾಗದದ ಮೇಲೆ ಕೊಡಬಹುದು. ಶುದ್ಧವಾದ 550 ಟನ್ ಹಸಿ ಕಸವನ್ನು ಹಾಗೆ ಬರೆದುಕೊಡಲು ಆಗುವುದಿಲ್ಲ. ಅದನ್ನು ದಿನವೂ ದುಡಿದು ಒದಗಿಸಬೇಕು. ಇಂದೋರಿನಲ್ಲಿ ಕಸವನ್ನು ಆರು ಬಗೆಯಾಗಿ ಬೇರ್ಪಡಿಸಿ ಕೊಡುವ ರೂಢಿ ಬಂದಿದೆ. ಹಸಿ ಕಸ, ಒಣ ಕಸ ಮಾತ್ರವಲ್ಲದೆ ಪ್ಲಾಸ್ಟಿಕ್, ಇ-ಕಸ, ಮನೆಯ ಅಪಾಯಕಾರಿ ವಸ್ತುಗಳು, ಸ್ಯಾನಿಟರಿ ಪ್ಯಾಡ್, ಡಯಾಪರ್ ಇತ್ಯಾದಿ ಎಲ್ಲಕ್ಕೂ ಗಾಡಿಯಲ್ಲಿ ಬೇರೆ ಬೇರೆ ಜಾಗ. ಈ ಶಿಸ್ತು ಹಿಡಿಯಲು ಪಾಲಿಕೆ ವರ್ಷಗಟ್ಟಲೆ ಮನೆಮನೆಯ ಬಾಗಿಲಿಗೆ ಹೋಯಿತು. ಕಂಪನಿ ಬಂದದ್ದು ಆಮೇಲೆ. ನಮ್ಮ ಊರುಗಳಲ್ಲಿ ಯಂತ್ರವನ್ನು ಮೊದಲು ತಂದು ನಿಲ್ಲಿಸಿ, ಬೆರಕೆ ಕಸ ತುಂಬಿ, ಅದು ಕೆಟ್ಟು ನಿಂತ ಮೇಲೆ ಕೈ ಹಿಸುಕಿಕೊಳ್ಳುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇಂದೋರು ಇನ್ನೊಂದು ಕೆಲಸವನ್ನೂ ಮಾಡಿತು. ಆ ಊರಿಗೆ ಕುಡಿಯುವ ನೀರು ನರ್ಮದೆಯಿಂದ, ದೂರದ ಜಲೂದ್‌ನಿಂದ ಮೇಲೇರಿ ಬರಬೇಕು. ನಮ್ಮ ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ಏರಿ ಬರುವ ಹಾಗೆಯೇ. ನೀರೆತ್ತುವ ವಿದ್ಯುತ್ತಿನ ಬಿಲ್ಲು ಪಾಲಿಕೆಯ ಬೆನ್ನು ಮುರಿಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಪಾಲಿಕೆ ಹಸಿರು ಬಾಂಡ್, ಅಂದರೆ ಪರಿಸರದ ಕೆಲಸಕ್ಕೆಂದೇ ಸಾಲ ಎತ್ತುವ ಪತ್ರ, ಹೊರಡಿಸಿ, ಜನಸಾಮಾನ್ಯರಿಗೂ ಮಾರಿ 244 ಕೋಟಿ ರೂಪಾಯಿ ಎತ್ತಿತು. ಜಲೂದ್‌ನಲ್ಲಿ 60 ಮೆಗಾವಾಟ್ ಸೌರ ಘಟಕ ಕಟ್ಟಲು ಆ ಹಣ.

ಇನ್ನು ಉದ್ಯೋಗದ ಮಾತು. ಇಂಥ ಘಟಕದೊಳಗೆ ಕೆಲಸ ಸಿಗುವುದು ಕೆಲವರಿಗೆ. ಯಂತ್ರಗಳೇ ಹೆಚ್ಚು ದುಡಿಯುವ ಜಾಗ ಅದು. ಹೆಚ್ಚು ಕೈಗಳಿಗೆ ಕೆಲಸವಿರುವುದು ಘಟಕದ ಗೇಟಿನ ಹೊರಗೆ, ಕಸ ಸಂಗ್ರಹಿಸುವ ಗಾಡಿಯಲ್ಲಿ ಮತ್ತು ಒಣ ಕಸ ವಿಂಗಡಿಸುವ ಶೆಡ್ಡುಗಳಲ್ಲಿ. ಪಾಲಿಕೆ ಮತ್ತು ಕಂಪನಿ ಕೈಕುಲುಕುವಾಗ ಈ ಕೈಗಳ ಕೂಲಿ, ಕೈಗವಸು, ಆರೋಗ್ಯ ವಿಮೆ ಕೂಡ ಅದೇ ಕಾಗದದಲ್ಲಿ ಇರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಈ ವಿಷಯದಲ್ಲಿ ಬೆಂಗಳೂರು ಹೆಮ್ಮೆಪಡುವಂಥದ್ದನ್ನು ಮಾಡಿದೆ. 2011ರಲ್ಲಿ ಆಗಿನ ಬಿಬಿಎಂಪಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಮುಂದೆ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸುವಂತಾಯಿತು. ಹಿಂದೆ ಬೀದಿಯಲ್ಲಿ ಚೀಲ ಹೊತ್ತು ತಿರುಗಿದವರು ಪಾಲಿಕೆಯ ಜೊತೆ ಒಡಂಬಡಿಕೆ ಮಾಡಿಕೊಂಡ ಉದ್ಯಮಿಗಳಾದರು.

ಅಂಥ ಒಂದು ಕೇಂದ್ರಕ್ಕೆ ನಾನು ಹಳೆಯ ಪತ್ರಿಕೆಗಳನ್ನು ಕೊಡಲು ಹೋಗಿದ್ದೆ. ಕೇಂದ್ರ ನಡೆಸುವ ಹೆಂಗಸು ತೊಳೆದ ಹಾಲಿನ ಪ್ಯಾಕೆಟ್ಟುಗಳನ್ನು ನೂರರ ಕಟ್ಟು ಮಾಡುತ್ತಿದ್ದರು. ನನ್ನ ಚೀಲದಲ್ಲಿದ್ದ ಒಂದು ಪ್ಯಾಕೆಟ್ಟನ್ನು ಎತ್ತಿ ತೋರಿಸಿದರು. "ಅಕ್ಕಾ, ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಅರ್ಧ ಸೀಳಿ ಬಿಡಿ, ಅದಕ್ಕೇ ಅಂಟಿಕೊಂಡಿರಲಿ," ಎಂದರು. ಆಮೇಲೆ ಪತ್ರಿಕೆಗಳನ್ನು ತಕ್ಕಡಿಗೆ ಹಾಕಿ, ಪಕ್ಕದಲ್ಲಿದ್ದ ಪುಸ್ತಕದಲ್ಲಿ ತೂಕ ಬರೆದುಕೊಂಡು, ನನ್ನ ಕೈಗೆ ಹಣ ಎಣಿಸಿದರು.

ನಮಸ್ಕಾರ.