ಬೋರ್ಡ್ ಅಂದರೆ ಯಾವ ಬೋರ್ಡ್?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಲಿಯುತ್ತಿರುವವರಿಗೆ ಉಪಯೋಗ ಆಗುವಂಥದ್ದು ಏನಾದರೂ ಹೇಳಿ ಎಂದು ಕರೆದಿದ್ದೀರಿ. ವ್ಯಾಕರಣ ಇವತ್ತು ಬೇಡ. ಒಂದೇ ಒಂದು ಪದ ತೆಗೆದುಕೊಳ್ಳೋಣ: ಬೋರ್ಡ್.

ಇದರಲ್ಲಿ ಕಲಿಯೋಕೆ ಏನಿದೆ ಅಂತ ಅನ್ನಿಸಬಹುದು. ಒಂದಕ್ಷರ ಇಂಗ್ಲಿಷ್ ಬರದ ಅಜ್ಜಿಯೂ ಬಸ್ ಸ್ಟ್ಯಾಂಡಿನಲ್ಲಿ 'ಬೋರ್ಡ್ ನೋಡಿ ಹೇಳಪ್ಪ, ಇದು ಯಾವೂರಿಗೆ ಹೋಗುತ್ತೆ' ಅನ್ನುತ್ತಾರೆ. ಕರೆಂಟ್ ಹೋದರೆ ನಾವು ಇವತ್ತಿಗೂ 'ಕೆಇಬಿಯವರಿಗೆ ಫೋನ್ ಮಾಡು' ಅನ್ನುತ್ತೇವೆ. ಆ ಕೊನೆಯ 'ಬಿ' ಬೋರ್ಡೇ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳು ಬಂದವು. ಜನರ ಬಾಯಿಂದ ಮಾತ್ರ ಕೆಇಬಿ ಇನ್ನೂ ಹೋಗಿಲ್ಲ. ಬೆಂಗಳೂರಿನವರಿಗೆ ಸಿಲ್ಕ್ ಬೋರ್ಡ್ ಅಂದರೆ ಸುಮ್ನೆ ಟ್ರಾಫಿಕ್ ಜಾಮ್. 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿ ಅದು, ಅದರ ಕಚೇರಿ ಅಲ್ಲಿದೆ ಅನ್ನುವುದು ಸಿಗ್ನಲ್‌ನಲ್ಲಿ ನಿಂತವರಿಗೆ ಎಲ್ಲಿ ನೆನಪಾಗಬೇಕು!

ಅಂದರೆ ಪದ ನಮ್ಮ ಬಾಯಲ್ಲಿ ಆಗಲೇ ಇದೆ. ತೊಂದರೆ ಇರುವುದೂ ಅಲ್ಲೇ. ಗೊತ್ತಿರುವ ಪದ ಅಂತ ಡಿಕ್ಷನರಿ ತೆಗೆಯುವುದೇ ಇಲ್ಲ. ತೆಗೆದರೆ ಹಲಗೆ, ಮಂಡಳಿ, ಊಟ, ಹಡಗು ಹತ್ತುವುದು ಅಂತ ಒಂದಕ್ಕೊಂದು ನಂಟೇ ಇಲ್ಲದ ಅರ್ಥಗಳು ಸಾಲಾಗಿ ಕಾಣುತ್ತವೆ. ಅವನ್ನು ಹಾಗೇ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುವವರೆಗೂ ನಿಲ್ಲುವುದಿಲ್ಲ. ಅವು ಹೇಗೆ ಒಂದರಿಂದ ಒಂದು ಹುಟ್ಟಿದವು ಅಂತ ತಿಳಿದರೆ ಬಾಯಿಪಾಠವೇ ಬೇಕಾಗಿಲ್ಲ.

ಮೂಲ ಅರ್ಥ ಹಲಗೆ. ಹಳೆಯ ಇಂಗ್ಲಿಷಿನಲ್ಲೂ ಹಲಗೆಗೆ ಹೆಚ್ಚುಕಡಿಮೆ ಇದೇ ಪದ. ಈಗ ಇಂಗ್ಲೆಂಡಿನ ಒಂದು ಹಳೇ ಕಾಲದ ದೊಡ್ಡ ಮನೆಯನ್ನು ನೆನೆಸಿಕೊಳ್ಳಿ. ನಡುವೆ ಒಂದೇ ದೊಡ್ಡ ಹಜಾರ. ಊಟದ ಹೊತ್ತಿಗೆ ಮರದ ಕಾಲುಗಳನ್ನು ಎಳೆದು ನಿಲ್ಲಿಸಿ, ಅವುಗಳ ಮೇಲೆ ಉದ್ದುದ್ದ ಹಲಗೆ ಇಡುತ್ತಿದ್ದರು. ಊಟ ಮುಗಿದ ಮೇಲೆ ಹಲಗೆ ತೆಗೆದು ಗೋಡೆಗೆ ಒರಗಿಸಿದರೆ ಆಯಿತು, ಹಜಾರ ಖಾಲಿ. ಹೀಗೆ ಬೋರ್ಡ್ ಅಂದರೆ ಮೇಜು ಆಯಿತು. ಮೇಜಿನ ಮೇಲೆ ಬಡಿಸುವ ಊಟವೂ ಬೋರ್ಡ್ ಆಯಿತು. ಅದೇ ಮೇಜಿನ ಸುತ್ತ ಕೂತು ವ್ಯವಹಾರ ಮಾತಾಡುವ ಹಿರಿಯರ ಗುಂಪೂ ಬೋರ್ಡ್ ಆಯಿತು.

ಇದು ನಮಗೆ ಹೊಸದೇನಲ್ಲ. ಪೀಠ ಅಂದರೆ ಕೂರುವ ಆಸನ ತಾನೇ? ಆದರೆ 'ಪೀಠ ತೀರ್ಪು ಕಾಯ್ದಿರಿಸಿದೆ' ಅಂತ ಪತ್ರಿಕೆಯಲ್ಲಿ ಓದಿದಾಗ ಯಾರೂ ಗಾಬರಿಯಾಗುವುದಿಲ್ಲ. ಬೋರ್ಡ್ ನಡೆದದ್ದೂ ಅದೇ ದಾರಿಯಲ್ಲಿ.

ಮಂಡಳಿ ಅನ್ನುವ ಅರ್ಥಕ್ಕೂ ನಮ್ಮ ಚರಿತ್ರೆಗೂ ಹಳೇ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ಲಂಡನ್ನಿನಲ್ಲಿ 1784ರಲ್ಲಿ ಬೋರ್ಡ್ ಆಫ್ ಕಂಟ್ರೋಲ್ ಬಂತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡಾಗ ಮೊದಲು ನೇಮಿಸಿದ್ದು ಇಬ್ಬರು ಕಮಿಷನರುಗಳ ಬೋರ್ಡನ್ನೇ. ಇಬ್ಬರಿಗೂ ಸರಿಬರಲಿಲ್ಲ. 1834ರಲ್ಲಿ ಒಬ್ಬನೇ ಕಮಿಷನರ್ ಸಾಕು ಅಂತ ತೀರ್ಮಾನವಾಯಿತು. ಆಮೇಲೆ ಬಂದವನೇ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್. ಇಬ್ಬರೇ ಇದ್ದರೂ ಬೋರ್ಡ್ ಅನ್ನಿಸಿಕೊಳ್ಳಬಹುದು, ಗಮನಿಸಿ.

ಈಗ ಊಟಕ್ಕೆ ಬರೋಣ. ನಮ್ಮ ಊರುಗಳಲ್ಲಿ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಅನ್ನುವ ಬೋರ್ಡ್ ನೋಡಿದ್ದೀರಲ್ಲ? ಇದರಲ್ಲಿ ಬೋರ್ಡಿಂಗ್ ಅಂದರೇನು ಅಂತ ಯಾರನ್ನಾದರೂ ಕೇಳಿ ನೋಡಿ. ಜಾಸ್ತಿ ಜನ 'ಉಳಿದುಕೊಳ್ಳೋದು' ಅನ್ನುತ್ತಾರೆ. ಉಳಿಯುವುದು ಲಾಡ್ಜಿಂಗ್. ಬೋರ್ಡಿಂಗ್ ಅಂದರೆ ಊಟ. ಅದೇ ಹಲಗೆ, ಅದೇ ಮೇಜು. ಬೋರ್ಡಿಂಗ್ ಸ್ಕೂಲ್ ಅನ್ನುವ ಹೆಸರೂ ಅಲ್ಲಿಂದಲೇ ಬಂದದ್ದು, ಮಕ್ಕಳಿಗೆ ಊಟ ಹಾಕಿ ಇಟ್ಟುಕೊಳ್ಳುವ ಶಾಲೆ. ಯುರೋಪ್ ಕಡೆ ಹೋಗುವವರಿಗೆ ಇದು ದುಡ್ಡಿನ ವಿಷಯವೂ ಹೌದು. ಹೋಟೆಲ್ ಬುಕ್ ಮಾಡುವಾಗ ಫುಲ್ ಬೋರ್ಡ್ ಅಂತ ಇದ್ದರೆ ಮೂರು ಹೊತ್ತಿನ ಊಟ ಸೇರಿದೆ. ಹಾಫ್ ಬೋರ್ಡ್ ಅಂದರೆ ಬೆಳಗಿನ ತಿಂಡಿ ಮತ್ತು ಒಂದು ಹೊತ್ತಿನ ಊಟ, ಸಾಮಾನ್ಯವಾಗಿ ರಾತ್ರಿಯದು.

ಹಡಗಿನ ಕಥೆ ಸ್ವಲ್ಪ ಬೇರೆ. ಹಡಗಿನ ಪಕ್ಕಕ್ಕೂ ಬೋರ್ಡ್ ಅನ್ನುತ್ತಿದ್ದರು. ಹಿಂದೆ ಚುಕ್ಕಾಣಿ ಅಂದರೆ ಹಡಗಿನ ಬಲಗಡೆ ಕಟ್ಟಿದ ದೊಡ್ಡ ಹುಟ್ಟು. ಅದನ್ನು ತಿರುಗಿಸುವ ಕಡೆ ಅಂತ ಬಲಭಾಗ ಸ್ಟಾರ್‌ಬೋರ್ಡ್ ಆಯಿತು. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಎಡಭಾಗ ಲಾರ್‌ಬೋರ್ಡ್ ಆಗಿತ್ತು. ಬಿರುಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತವಲ್ವಾ? 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಕ್ಕೆ ಪೋರ್ಟ್ ಅಂತಲೇ ಹೇಳಬೇಕು ಎಂದು ಆದೇಶ ಮಾಡಿತು. ವಿಮಾನ ನಿಲ್ದಾಣದ ಬೋರ್ಡಿಂಗ್ ಪಾಸ್ ಈ ಹಡಗಿನ ಕಡೆಯ ನೆಂಟ. ಅದಕ್ಕೂ ಊಟಕ್ಕೂ ಸಂಬಂಧವಿಲ್ಲ, ಕೆಲವು ಟಿಕೆಟ್‌ಗಳಲ್ಲಂತೂ ನೀರಿಗೂ ದುಡ್ಡು ಕೊಡಬೇಕು.

ಈಗ ನಾನು ನಿಜವಾಗಿ ಹೇಳಬೇಕೆಂದುಕೊಂಡ ಮಾತು. ಇಂಗ್ಲಿಷ್ ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ಅಕ್ಕಪಕ್ಕದ ಪುಟ್ಟ ಪದಗಳ ಜೊತೆಗೇ ಕಲಿಯಿರಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಮೊದಲ ದಿನ 'ವೆಲ್ಕಮ್ ಆನ್ ಬೋರ್ಡ್' ಅಂತ ಮೇಲ್ ಬರುತ್ತದೆ. ಅಂದರೆ ನಮ್ಮ ಹಡಗು ಹತ್ತಿದ್ದೀಯ, ಬಾ. ಅವಳು ಖುಷಿಯಲ್ಲಿ ಊರಿನ ಗೆಳತಿಗೆ 'ಐ ಆಮ್ ಆನ್ ದ ಬೋರ್ಡ್ ಆಫ್ ದಿಸ್ ಕಂಪನಿ' ಅಂತ ಬರೆದಳು ಅನ್ನಿ. ಒಂದು 'ದ', ಒಂದು 'ಆಫ್' ಜಾಸ್ತಿ ಆಯಿತು, ಅಷ್ಟೇ. ಹುಡುಗಿ ಒಂದೇ ದಿನಕ್ಕೆ ಡೈರೆಕ್ಟರ್ ಆಗಿಬಿಟ್ಟಳು! ಅದೇ 'ಆನ್ ದ ಬೋರ್ಡ್' ಅನ್ನು ಮೇಷ್ಟರು ತರಗತಿಯಲ್ಲಿ ಹೇಳಿದರೆ ಕರಿಹಲಗೆಯ ಮೇಲೆ ಅಂತ ಅರ್ಥ. 'ಆರ್ ಯು ಆನ್ ಬೋರ್ಡ್?' ಅಂತ ಮೀಟಿಂಗಿನಲ್ಲಿ ಕೇಳಿದರೆ ನಿಮಗೆ ಇದು ಒಪ್ಪಿಗೆಯಾ ಅಂತ. ನಮ್ಮಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ಈ ಚಿಲ್ಲರೆ ಪದಗಳು ಮಾಡುತ್ತವೆ. ನಾವು ಅವನ್ನೇ ಬಿಟ್ಟು ದೊಡ್ಡ ಪದ ಹಿಡಿದುಕೊಳ್ಳುತ್ತೇವೆ.

'ಅಬವ್ ಬೋರ್ಡ್' ಅನ್ನುವುದೂ ಇಂಥದ್ದೇ. ಇಸ್ಪೀಟಿನಲ್ಲಿ ಕೈ ಮೇಜಿನ ಮೇಲೇ ಇದ್ದರೆ ಮೋಸ ಇಲ್ಲ. ಅದರಿಂದ ವ್ಯವಹಾರ ಅಬವ್ ಬೋರ್ಡ್ ಅಂದರೆ ಕದ್ದುಮುಚ್ಚಿ ಏನೂ ನಡೆದಿಲ್ಲ ಅಂತ.

ಉಚ್ಚಾರಣೆ ಬಗ್ಗೆ ಒಂದು ಮಾತು. ಕಪ್ ಮತ್ತು ಬೋರ್ಡ್ ಸೇರಿದ ಪದವನ್ನು ಇಂಗ್ಲಿಷಿನವರು 'ಕಬರ್ಡ್' ಅನ್ನುತ್ತಾರೆ, 'ಪ' ಕೇಳಿಸುವುದೇ ಇಲ್ಲ. ನಾವು ಬೀರುವಿಗೆ ಕಬೋರ್ಡ್ ಅನ್ನುತ್ತೇವೆ. ಮೊದಲು ಅದು ಬಟ್ಟಲುಗಳನ್ನು ಜೋಡಿಸಿಡುವ ಮೇಜಾಗಿತ್ತು. ಬಾಗಿಲು, ಬೀಗ ಎಲ್ಲ ಆಮೇಲೆ ಬಂದವು.

ನಿಮಗೆ ಮನೆಕೆಲಸ ಒಂದು ಕೊಡುತ್ತೇನೆ. ಬೋರ್ಡಿನ ಜೊತೆಯವನೇ ಇನ್ನೊಬ್ಬನಿದ್ದಾನೆ, ಬೆಂಚ್. ಹೈಕೋರ್ಟಿನ ಧಾರವಾಡ ಪೀಠ, ಕಲಬುರಗಿ ಪೀಠ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಅವು ಬೆಂಚ್. ನಿಮ್ಮ ಸೋದರಮಾವನ ಮಗ ಫೋನ್ ಮಾಡಿ, 'ಮೂರು ತಿಂಗಳಿಂದ ಬೆಂಚ್ ಮೇಲಿದ್ದೀನಿ' ಅಂದ ಅಂತ ಇಟ್ಟುಕೊಳ್ಳಿ. ಅವನು ನ್ಯಾಯಾಧೀಶನಾದರೆ ಒಂದು ಅರ್ಥ, ಕ್ರಿಕೆಟ್ ತಂಡದಲ್ಲಿದ್ದರೆ ಇನ್ನೊಂದು, ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೆ ಮತ್ತೊಂದು. ಇವರಲ್ಲಿ ಯಾರಿಗೆ ಅಭಿನಂದನೆ ಹೇಳಬೇಕು, ಯಾರಿಗೆ ಸಮಾಧಾನ ಹೇಳಬೇಕು? ಬರೆದು ತನ್ನಿ.