ಬಜೆಟ್ಟಿನಲ್ಲಿ ಒಂದು ಸಾಲು

ಕೇಳುಗರೇ, ನಮಸ್ಕಾರ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಹತ್ತಿರ ಓಬರ್ವಿಲ್-ಲೀಲಿ ಅಂತ ಒಂದು ಊರಿದೆ. 2015ರ ಹೊತ್ತಿಗೆ ಸುಮಾರು 2,200 ಜನ. ಸುತ್ತ ಹೊಲ, ಹುಲ್ಲುಗಾವಲು, ಒಪ್ಪವಾದ ಮನೆಗಳು. ತೆರಿಗೆ ಕಡಿಮೆ, ಕೋಟ್ಯಧಿಪತಿಗಳು ಜಾಸ್ತಿ. 2015ರಲ್ಲಿ ಸಿರಿಯಾದ ಕಡೆಯಿಂದ ಲಕ್ಷಗಟ್ಟಲೆ ಜನ ಯುರೋಪಿಗೆ ಬಂದರಲ್ಲ, ಆಗ ಊರೂರಿಗೂ ಇಷ್ಟಿಷ್ಟು ನಿರಾಶ್ರಿತರು ಅಂತ ಹಂಚಿಕೆಯಾಯಿತು. ಈ ಊರಿನ ಪಾಲಿಗೆ ಬಂದವರು ಹತ್ತು ಮಂದಿ. ಹೌದು, ಬರೀ ಹತ್ತು.

ಊರಿನ ಆಡಳಿತ ಬೇಡ ಅಂದಿತು. ಬೇಡ ಅನ್ನುವುದಕ್ಕೂ ಅಲ್ಲಿ ದಾರಿ ಇತ್ತು. ದುಡ್ಡು ಕಟ್ಟಿಬಿಟ್ಟರೆ ಆಯಿತು. ಬಜೆಟ್ಟಿನಲ್ಲಿ 2,90,000 ಫ್ರಾಂಕ್ ಅಂತ ಒಂದು ಸಾಲು ಸೇರಿತು. ರಸ್ತೆಗೆ ಇಷ್ಟು, ಶಾಲೆಗೆ ಇಷ್ಟು, ಹತ್ತು ಜನ ಬಾರದಿರುವುದಕ್ಕೆ ಇಷ್ಟು.

ಊರಿನಲ್ಲೇ ಕೆಲವರಿಗೆ ಇದು ನಾಚಿಕೆ ಅನ್ನಿಸಿತು. ನವೆಂಬರಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಸಾಲನ್ನು ತೆಗೆಸಿದರು. ವಿಷಯ ಅಲ್ಲಿಗೆ ಮುಗಿಯಲಿಲ್ಲ, ಮತಪೆಟ್ಟಿಗೆಗೆ ಹೋಯಿತು. 2016ರ ಮೇ 1ರಂದು ದುಡ್ಡು ಕಟ್ಟೋಣ ಅಂದವರು 579, ಬೇಡ ಅಂದವರು 525. ಊರಿನ ಅಧ್ಯಕ್ಷರಾಗಿದ್ದ ಆಂಡ್ರಿಯಾಸ್ ಗ್ಲಾರ್ನರ್ ಅಷ್ಟರಲ್ಲಿ ವಲಸೆ ವಿರೋಧಿ ಸ್ವಿಸ್ ಪೀಪಲ್ಸ್ ಪಾರ್ಟಿಯಿಂದ ಸಂಸತ್ತಿಗೂ ಹೋಗಿದ್ದರು.

ನನ್ನನ್ನು ಕಾಡುವುದು ಆ 579 ಅಲ್ಲ, ಆ ಸಾಲು. ಅದರಲ್ಲಿ ಬೈಗುಳವಿಲ್ಲ, ಕಲ್ಲು ತೂರಾಟವಿಲ್ಲ. ಒಂದು ಖರ್ಚಿನ ಬಾಬ್ತು, ಅಷ್ಟೇ. ಹೊರಗಿನವರ ಮೇಲಿನ ಅಸಹನೆ ಲೆಕ್ಕಪತ್ರದೊಳಕ್ಕೆ ಬಂದು ಕೂತರೆ ಅದು ಅಸಹನೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ.

ಇಲ್ಲಿಗೆ ಬಂದು ಮುಟ್ಟಲು ಹಲವು ದಶಕ ಹಿಡಿಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ದೇಶಕ್ಕೆ ರಸ್ತೆ, ಅಣೆಕಟ್ಟು, ಸುರಂಗ ಕಟ್ಟುವುದಕ್ಕೆ ಕೈಗಳು ಬೇಕಿದ್ದವು. ಇಟಲಿಯಿಂದ ಕೂಲಿಗಳು ಬಂದರು. ವರ್ಷಕ್ಕೆ ಒಂಬತ್ತು ತಿಂಗಳ ಪರವಾನಗಿ, ಮಲಗುವುದಕ್ಕೆ ಷೆಡ್ಡು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಆದರೂ ಕೆಲವರು ಕದ್ದು ಕರೆತಂದರು. ಆ ಮಕ್ಕಳಿಗೆ ಬೀರುವಿನ ಮಕ್ಕಳು ಅಂತಲೇ ಹೆಸರು ಬಿತ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ದಿನವಿಡೀ ಬಾಗಿಲು ಹಾಕಿಕೊಂಡು ಒಳಗೇ ಇರಬೇಕು. ಕಿಟಕಿ ಹತ್ತಿರ ಸುಳಿಯುವಂತಿಲ್ಲ, ಜೋರಾಗಿ ನಗುವಂತಿಲ್ಲ, ಅಳುವಂತೂ ಇಲ್ಲವೇ ಇಲ್ಲ. ಪಕ್ಕದ ಮನೆಯವರಿಗೆ ಕೇಳಿಸಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ.

1970ರಲ್ಲಿ ಜೇಮ್ಸ್ ಶ್ವಾರ್ಟ್ಸೆನ್‌ಬಾಖ್ ಅನ್ನುವ ರಾಜಕಾರಣಿ ಹೊರಗಿನವರು ಶೇಕಡಾ 10ಕ್ಕಿಂತ ಜಾಸ್ತಿ ಇರಬಾರದು ಅಂತ ಜನಮತಕ್ಕೆ ಹಾಕಿಸಿದ. ದೊಡ್ಡ ಪಕ್ಷಗಳೆಲ್ಲ ಎದುರು ನಿಂತವು, ಶೇಕಡಾ 54 ಜನ ಬೇಡ ಅಂದರು. ಜನ ಅಂದರೆ ಬರೀ ಗಂಡಸರು, ಅಲ್ಲಿನ ಹೆಂಗಸರಿಗೆ ಆಗಿನ್ನೂ ರಾಷ್ಟ್ರಮಟ್ಟದಲ್ಲಿ ಓಟೇ ಇರಲಿಲ್ಲ! ಆತ ಸೋತ, ನಿಜ. ಅವನ ಮಾತು ಸೋಲಲಿಲ್ಲ. ಮೂಲದಲ್ಲಿ ರೈತರ ಪಕ್ಷವಾಗಿದ್ದ ಸ್ವಿಸ್ ಪೀಪಲ್ಸ್ ಪಾರ್ಟಿ ಮುಂದೆ ಅದೇ ಮಾತನ್ನು ಹಿಡಿದುಕೊಂಡು 1999ರಲ್ಲಿ ಎಲ್ಲರಿಗಿಂತ ಜಾಸ್ತಿ ಓಟು ಪಡೆಯಿತು. 2007ರಲ್ಲಿ ಅವರ ಪೋಸ್ಟರ್ ಊರೂರಿನ ಗೋಡೆ ಮೇಲಿತ್ತು: ಬಿಳಿ ಕುರಿಯೊಂದು ಕರಿ ಕುರಿಯನ್ನು ಧ್ವಜದ ಅಂಗಳದಿಂದ ಆಚೆಗೆ ಒದೆಯುತ್ತಿದೆ. ಮೊದಲ ದಿನ ನೋಡಿದಾಗ ಬೆಚ್ಚಿಬಿದ್ದವರಿಗೂ ಹತ್ತನೇ ದಿನಕ್ಕೆ ಅದು ಬಸ್ ಸ್ಟಾಪಿನ ಇನ್ನೊಂದು ಪೋಸ್ಟರ್ ಆಗಿರುತ್ತದೆ, ಅಲ್ವಾ?

2009ರಲ್ಲಿ ಮಸೀದಿಗೆ ಮಿನಾರ್ ಕಟ್ಟಬಾರದು ಅಂತ ಮತದಾನ ನಡೆಯಿತು. ಇಡೀ ದೇಶದಲ್ಲಿ ಇದ್ದ ಮಿನಾರ್‌ಗಳು ನಾಲ್ಕೇ ನಾಲ್ಕು. ನಿಷೇಧಕ್ಕೆ ಶೇಕಡಾ 57.5 ಜನ ಹೌದು ಅಂದರು. ಜೋರಾಗಿ ಹೌದು ಅಂದದ್ದು ಯಾರು ಗೊತ್ತಾ? ಹಸು, ಚೀಸ್, ಬೆಟ್ಟಗಳ ಆಪೆನ್‌ಜೆಲ್ ಇನ್ನರ್‌ರೋಡನ್ ಪ್ರಾಂತ್ಯ. ಅಲ್ಲಿ ಶೇಕಡಾ 71. ಅಲ್ಲಿ ಒಂದೂ ಮಿನಾರ್ ಇರಲಿಲ್ಲ. ಮಿನಾರ್ ಇದ್ದ ಜಿನೀವಾದ ಜನ ನಿಷೇಧ ಬೇಡ ಅಂದರು. ಗುಮ್ಮನನ್ನು ಕಾಣದವರಿಗೇ ಗುಮ್ಮನ ಭಯ ಜಾಸ್ತಿ.

ಇವರೆಲ್ಲ ಕೆಟ್ಟ ಜನ ಅಂದುಕೊಂಡು ರೇಡಿಯೋ ಆರಿಸಬೇಡಿ. ಆ ಹಳ್ಳಿಗಳಲ್ಲಿ ದಾರಿಯಲ್ಲಿ ಎದುರಾದ ಅಪರಿಚಿತರಿಗೂ ನಮಸ್ಕಾರ ಹೇಳುವುದು ರೂಢಿ. ಸುಮ್ನೆ ಹೋದರೆ ಅದು ಮರ್ಯಾದೆಗೇಡು.

ಮರ್ಯಾದೆ ಅಂದಾಗ ಒಂದು ನೆನಪು. ಹಿಂದೊಮ್ಮೆ ಜನವರಿಯಲ್ಲಿ ಕೊಡಗಿನ ಒಂದು ತೋಟದ ಮನೆಗೆ ಹೋಗಿದ್ದೆ. ಕಾಫಿ ಕೊಯ್ಲು ಜೋರಾಗಿತ್ತು. ಕಣದಲ್ಲಿ ಹಣ್ಣು ಹರವುತ್ತಿದ್ದವರು ಅಸ್ಸಾಮಿನಿಂದ ಬಂದ ಹುಡುಗರು. ಮನೆಯವರು ಒಳ್ಳೆಯವರು, ಉಪಚಾರದಲ್ಲಿ ಎತ್ತಿದ ಕೈ. "ಈ ಹುಡುಗರು ಇಲ್ಲದಿದ್ರೆ ಹಣ್ಣೆಲ್ಲ ಗಿಡದಲ್ಲೇ ಒಣಗ್ತಿತ್ತು" ಅಂದರು. ಆಳುಗಳ ಲೈನ್ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿದೆ. "ಹನ್ನೆರಡೋ ಹದಿಮೂರೋ. ಆಧಾರ್ ಎಲ್ಲ ತೋರಿಸ್ತಾರೆ, ಆದ್ರೂ ಬಾಂಗ್ಲಾದವ್ರೇ ಬಿಡಿ" ಅಂದು ನಕ್ಕರು. ಕಾಫಿ ಬಿಸಿಯಾಗಿತ್ತು. ನಾನೂ ಸ್ವಲ್ಪ ನಕ್ಕೆ.