ಬಿಷಪ್ಪೇ ಇಲ್ಲದ ಚರ್ಚು

ನಮಸ್ಕಾರ ಕೇಳುಗರೇ. ಸ್ಕಾಟ್ಲೆಂಡಿನ ಚರ್ಚಿನ ಆಡಳಿತ ಅಂದ ತಕ್ಷಣ ರೇಡಿಯೋ ಆಫ್ ಮಾಡ್ಬೇಡಿ, ಕಥೆ ಇದೆ. ಚರ್ಚಿಗೆ ದೊಡ್ಡೋರು ಯಾರು ಅಂತ ಕೇಳಿದ್ರೆ ನಾವೆಲ್ಲ ಬಿಷಪ್ಪು ಅಂತೀವಲ್ಲ, ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚಲ್ಲಿ ಬಿಷಪ್ಪೇ ಇಲ್ಲ. ಒಬ್ಬರು ಹೇಳಿದ್ದು ನಡಿಯಲ್ಲ, ಸಭೆ ಹೇಳಿದ್ದು ನಡಿಯತ್ತೆ. ಇದೊಂದು ನೆನಪಿಟ್ಕೊಂಡ್ರೆ ಸಾಕು.

ಊರ ಮಟ್ಟದಲ್ಲಿ ಇರೋದು ಕಿರ್ಕ್ ಸೆಷನ್. ಕಿರ್ಕ್ ಅಂದ್ರೆ ಅವರ ಆಡುಮಾತಲ್ಲಿ ಚರ್ಚು. ಪಾದ್ರಿ ಮತ್ತೆ ಎಲ್ಡರ್ಸು, ಅಂದ್ರೆ ಹಿರಿಯರು, ಒಟ್ಟಿಗೆ ಕೂತು ತೀರ್ಮಾನ ಮಾಡ್ತಾರೆ. ಹಿರಿಯರು ಅಂದ್ರೆ ತಲೆ ನರೆತೋರೇ ಆಗ್ಬೇಕಿಲ್ಲ, ಊರಿನ ಮೇಷ್ಟ್ರು, ಅಂಗಡಿಯೋರು, ನರ್ಸಮ್ಮ ಯಾರಾದ್ರೂ ಆಗ್ಬಹುದು. ಅದರ ಮೇಲೆ ಸುತ್ತಲ ಚರ್ಚುಗಳ ಪಾದ್ರಿಗಳು, ಹಿರಿಯರು ಸೇರೋ ಪ್ರೆಸ್ಬಿಟರಿ, ಅದಕ್ಕೂ ಮೇಲೆ ಇಡೀ ದೇಶಕ್ಕೆ ಜನರಲ್ ಅಸೆಂಬ್ಲಿ, ಅದು ಎಡಿನ್‌ಬರೋದಲ್ಲಿ ಮೇ ತಿಂಗಳಲ್ಲಿ ಸೇರತ್ತೆ. ಅಲ್ಲಿನ ಅಧ್ಯಕ್ಷರಿಗೆ ಮಾಡರೇಟರ್ ಅಂತಾರೆ, ಒಂದು ವರ್ಷ ಅಷ್ಟೇ, ಆಮೇಲೆ ಇಳೀಬೇಕು. 2004ರಲ್ಲಿ ಅಲಿಸನ್ ಎಲಿಯಟ್ ಅನ್ನೋರು ಮಾಡರೇಟರ್ ಆದ್ರು, ಮೊದಲ ಮಹಿಳೆ, ಅದೂ ಪಾದ್ರಿ ಅಲ್ಲ, ಎಲ್ಡರ್! ರಾಜರ ಪ್ರತಿನಿಧಿನೂ ಬರ್ತಾರೆ, ಆದ್ರೆ ಮೇಲೆ ಗ್ಯಾಲರಿಲಿ ಕೂರ್ತಾರೆ, ಚರ್ಚೆಯಲ್ಲಿ ಬಾಯಿ ಹಾಕೋ ಹಾಗಿಲ್ಲ.

ಈಗ ಕಥೆ. 1712ರಲ್ಲಿ ಒಂದು ಕಾನೂನು ಬಂತು, ಊರಿಗೆ ಯಾವ ಪಾದ್ರಿ ಅಂತ ಜಮೀನ್ದಾರ ಹೇಳ್ತಾನೆ ಅಂತ. ಎಲ್ಲಿ ಹೋಯ್ತು ಸಭೆ? ನೂರು ವರ್ಷಕ್ಕೂ ಮೇಲೆ ಗುದ್ದಾಡಿದ್ರು. 1843ರ ಮೇ 18ಕ್ಕೆ ಅಸೆಂಬ್ಲಿ ಶುರುವಾಗೋ ಹೊತ್ತಲ್ಲೇ ಮಾಡರೇಟರ್ ಡೇವಿಡ್ ವೆಲ್ಷ್ ಎದ್ದು ನಿಂತು ಪ್ರತಿಭಟನೆ ಓದಿ, ಆ ಕಾಗದ ಟೇಬಲ್ ಮೇಲಿಟ್ಟು, ರಾಣಿಯ ಪ್ರತಿನಿಧಿಗೆ ತಲೆಬಾಗಿ ನಡೆದೇ ಬಿಟ್ರು. ಹಿಂದೆ ಈ ಗುದ್ದಾಟದ ಮುಂದಾಳು, ಪಾದ್ರಿ ಥಾಮಸ್ ಚಾಮರ್ಸ್, ಅವರ ಹಿಂದೆ ಸಾಲುಸಾಲು ಜನ, ಬೀದಿಯಲ್ಲಿ ನಡ್ಕೊಂಡು ಹೋಗಿ ಟ್ಯಾನ್‌ಫೀಲ್ಡ್ ಹಾಲಲ್ಲಿ ತಮ್ಮದೇ ಫ್ರೀ ಚರ್ಚ್ ಕಟ್ಟಿದ್ರು. 470ಕ್ಕೂ ಹೆಚ್ಚು ಪಾದ್ರಿಗಳು ಸಂಬಳ, ಮನೆ ಎರಡನ್ನೂ ಬಿಟ್ರು ಸ್ವಾಮಿ, ಹೆಂಡತಿ ಮಕ್ಕಳನ್ನ ಕಟ್ಕೊಂಡು. ಸ್ಟ್ರಾಂಷಿಯನ್ ಅನ್ನೋ ಊರಲ್ಲಿ ಜಮೀನ್ದಾರ ಚರ್ಚು ಕಟ್ಟೋಕೆ ಅಂಗೈಯಗಲ ಜಾಗ ಕೊಡ್ಲಿಲ್ಲ, ಜನ ಏನ್ ಮಾಡಿದ್ರು ಗೊತ್ತಾ, ಕಬ್ಬಿಣದ ಚರ್ಚು ಮಾಡ್ಸಿ ನೀರಿನ ಮೇಲೆ ತೇಲಿ ಬಿಟ್ರು! ದೋಣಿಲಿ ಹೋಗಿ ಪ್ರಾರ್ಥನೆ. ನೂರು ಜನ ಹತ್ತಿದ್ರೆ ಒಂದಿಂಚು ಮುಳುಗ್ತಿತ್ತಂತೆ, ಅಂದ್ರೆ ಪಾದ್ರಿ ಪ್ರಸಂಗ ಹೇಗಿದೆ ಅಂತ ದಡದಲ್ಲಿ ನಿಂತೇ ಅಳೀಬಹುದಿತ್ತು. ಆ ಕಾನೂನು ಹೋಗಿದ್ದು 1874ರಲ್ಲಿ. ಈಗ ಪಾದ್ರಿ ಬೇಕು ಅಂದ್ರೆ ಊರ ಸಭೆನೇ ವೋಟ್ ಹಾಕತ್ತೆ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದಾರೆ. ಇನ್ನೊಂದೇ ಮಾತು, 1697ರ ಬ್ಯಾರಿಯರ್ ಆಕ್ಟ್ ಪ್ರಕಾರ ದೊಡ್ಡ ಬದಲಾವಣೆ ಏನೇ ಇದ್ರೂ ಅಸೆಂಬ್ಲಿ ಒಂದೇ ಮಾಡೋ ಹಾಗಿಲ್ಲ, ಪ್ರೆಸ್ಬಿಟರಿಗಳಿಗೆ ಕಳಿಸಿ ಕೇಳ್ಬೇಕು. ಮತ್ತೆ ಸಭೆನೇ, ನೋಡಿ.

ನಿಮ್ಮಲ್ಲಿ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಆ ಚರ್ಚಿಗೆ ಹೋಗೋರು ಇದ್ದೀರಿ. 1947ರಲ್ಲಿ ಆ ಚರ್ಚು ಆದಾಗ ಪ್ರೆಸ್ಬಿಟೇರಿಯನ್ನರೂ ಬಂದು ಸೇರಿದ್ರು, ಬಿಷಪ್ಪುಗಳನ್ನ ಒಪ್ಕೊಂಡ್ರು. ಆದ್ರೆ ಆ ಬಿಷಪ್ಪುಗಳಲ್ಲಿ ದೊಡ್ಡೋರನ್ನ ಇವತ್ತಿಗೂ ಏನಂತ ಕರೀತೀರಿ? ಮಾಡರೇಟರ್. ನಮಸ್ಕಾರ.